ಹಡಗಿನ ಊಟ, ಹೊತ್ತಿನ ವ್ರತ

ಶ್ರಾವಕನ ಪ್ರಯಾಣಕ್ಕೆ ಹಿಂದಿನವರು ಎರಡೇ ಕಾರಣಗಳನ್ನು ಕಂಡಿದ್ದರು: ಒಂದು ತೀರ್ಥಯಾತ್ರೆ, ಇನ್ನೊಂದು ವ್ಯಾಪಾರ. ಈಗ ಮೂರನೆಯದೊಂದು ಸೇರಿಕೊಂಡಿದೆ. ಯಾವ ಊರನ್ನೂ ಮುಟ್ಟುವ ಉದ್ದೇಶವಿಲ್ಲದೆ, ಹಡಗಿನಲ್ಲಿ ಇರುವುದಕ್ಕಾಗಿಯೇ ಹಡಗನ್ನೇರುವ ಈ ವಿಹಾರಕ್ಕೆ ‘ಕ್ರೂಸ್’ ಎಂದು ಹೆಸರು. ಸಮುದ್ರದಿಂದ ನೂರಾರು ಮೈಲಿ ದೂರವಿರುವ ಬೀದರ ಜಿಲ್ಲೆಯ ಊರುಗಳಲ್ಲಿಯೂ ಈಗ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕುಳಿತವರು ಯಾವ ಕಂಪನಿಯ ಹಡಗು ಉತ್ತಮ, ಯಾವುದರಲ್ಲಿ ಜೈನ ಊಟ ದೊರೆಯುತ್ತದೆ ಎಂದು ಚರ್ಚಿಸುವುದುಂಟು. ಇಂಥ ಒಂದು ಚರ್ಚೆ ಒಂದೇ ತಾಯಿಯ ಇಬ್ಬರು ಮಕ್ಕಳ ನಡುವೆ ನಡೆಯಿತು. ಅದು ಕೊನೆಗೆ ಕಂಪನಿಗಳನ್ನು ಬಿಟ್ಟು ಬೇರೆಲ್ಲಿಗೋ ಹೋಗಿ ನಿಂತಿತು.

ಅಣ್ಣನದು ಬಸವಕಲ್ಯಾಣದಲ್ಲಿ ಬಟ್ಟೆಯ ಅಂಗಡಿ, ತಮ್ಮನದು ಹುಮನಾಬಾದಿನಲ್ಲಿ ತೊಗರಿ ಬೇಳೆಯ ವ್ಯಾಪಾರ. ತಂದೆಯ ಕಾಲದ ಒಂದೇ ಅಂಗಡಿ ಹೀಗೆ ಎರಡಾದದ್ದು ಕೋರ್ಟಿನ ಮೆಟ್ಟಿಲು ಹತ್ತದೆ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ಬರೆದನು; ಅವಿಭಕ್ತ ಕುಟುಂಬದ ಆಸ್ತಿ ಹೇಗೆ ಪಾಲಾಗಬೇಕೆಂಬುದನ್ನು ದೇಶದ ಬಹುಭಾಗಕ್ಕೆ ಹೇಳಿಕೊಟ್ಟ ಗ್ರಂಥವದು. ಆ ಊರಿನ ಮಕ್ಕಳು ತಮ್ಮ ಪಾಲನ್ನು ಮನೆಯ ಪಡಸಾಲೆಯಲ್ಲಿಯೇ ಮುಗಿಸಿಕೊಂಡರು. ಪಾಲಾಗದೆ ಉಳಿದವಳು ತಾಯಿ ಒಬ್ಬಳೇ. ಆರು ತಿಂಗಳು ಹಿರಿಯ ಮಗನ ಮನೆ, ಆರು ತಿಂಗಳು ಕಿರಿಯವನ ಮನೆ.

ತಾಯಿಗೆ 75 ತುಂಬಿದಾಗ ಇಬ್ಬರು ಮಕ್ಕಳೂ ಅವಳನ್ನು ಹಡಗಿನಲ್ಲಿ ಕರೆದೊಯ್ಯಬೇಕೆಂದು ಯೋಚಿಸಿದರು. ಅವಳು ಒಪ್ಪಲಿಲ್ಲ. ಬಹಳ ವರ್ಷಗಳ ಹಿಂದೆ ಮಳಖೇಡದ ಬಸದಿಯಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ ಅವಳು ದಿಗ್ವ್ರತವನ್ನು ಸ್ವೀಕರಿಸಿದ್ದಳು. ಪೂರ್ವಕ್ಕೆ ಸಮ್ಮೇದ ಶಿಖರಜಿ, ದಕ್ಷಿಣಕ್ಕೆ ಶ್ರವಣಬೆಳಗೊಳ, ಪಶ್ಚಿಮಕ್ಕೆ ಸಮುದ್ರ. ಇದರಾಚೆ ಹೆಜ್ಜೆಯಿಡುವುದಿಲ್ಲವೆಂಬ ನಿಯಮ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಮೇರೆಗಳಾಗಿ ಸಮುದ್ರ, ನದಿ, ಅಡವಿ, ಪರ್ವತ, ದೇಶ, ಯೋಜನಗಳನ್ನು ಹೇಳಿದ್ದಾರೆ. ಮೇರೆಯ ಹೊರಗೆ ಸೂಕ್ಷ್ಮ ಪಾಪಕ್ಕೂ ಎಡೆಯಿಲ್ಲವಾದ್ದರಿಂದ, ಅಷ್ಟರ ಮಟ್ಟಿಗೆ ಗೃಹಸ್ಥನ ಅಣುವ್ರತವು ಮಹಾವ್ರತಕ್ಕೆ ಸಮೀಪವಾಗುತ್ತದೆ ಎಂಬುದು ಅವರ ನಿರೂಪಣೆ.

ಹಿರಿಯ ಮಗ ವ್ಯಾಪಾರಿ. ಚೌಕಾಶಿ ಮಾಡದೆ ಬಿಡುವವನಲ್ಲ. “ಅವ್ವಾ, ನಿನ್ನ ನಿಯಮ ಸಮುದ್ರದ ತನಕ ಅದಲ್ಲ? ಹಡಗ ಸಮುದ್ರದ ಮ್ಯಾಲೇ ಇರ್ತದ. ಹೊಳ್ಳಿ ಅದೇ ದಂಡಿಗೇ ಬರ್ತದ” ಎಂದ.

“ದಂಡೀ ತನಕ ಅಂದಿದ್ದೆ ನಾ. ನೀರಿನ ಮ್ಯಾಲ ಅಂದಿರಲಿಲ್ಲ. ನೀವು ಹೋಗಿ ಬರ್ರಿ” ಎಂದಳು ತಾಯಿ.

ಅಣ್ಣನ ಕುಟುಂಬ 2023ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟಿತು. ತಮ್ಮನದು 2024ರ ಮೇ ತಿಂಗಳಿನಲ್ಲಿ ಸಿಂಗಪುರದಿಂದ. ಎರಡೂ ಬೇರೆ ಬೇರೆ ಕಂಪನಿಯ ಹಡಗುಗಳು, ಎರಡೂ ಮೂರು ರಾತ್ರಿಗಳ ಪ್ರಯಾಣ. ಕಂಪನಿಗಳ ಹೆಸರು ಇಲ್ಲಿ ಅವಶ್ಯವಿಲ್ಲ.

ಸಮುದ್ರಯಾನವು ಜೈನರಿಗೆ ಅಪರಿಚಿತವೇನೂ ಅಲ್ಲ. ಧವಳ ಸೇಠನು ಶ್ರೀಪಾಲನನ್ನು ಹಡಗಿನಿಂದ ನೀರಿಗೆ ನೂಕಿದ ಕಥೆಯನ್ನು ಕೇಳದ ಮನೆ ವಿರಳ. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ಕನ್ನಡದಲ್ಲಿ ‘ಶ್ರೀಪಾಲ ಚರಿತೆ’ಯನ್ನೂ ಬರೆದ, ಅಡುಗೆಯನ್ನು ಕುರಿತ ‘ಸೂಪಶಾಸ್ತ್ರ’ವನ್ನೂ ಬರೆದ. ಸಮುದ್ರ ಮತ್ತು ಊಟ ಎರಡೂ ಒಬ್ಬನೇ ಜೈನ ಕವಿಯ ಕೈಯಲ್ಲಿ ಕೂಡಿದ್ದು ಈ ಪ್ರಸಂಗದಲ್ಲಿ ನೆನಪಾಗುತ್ತದೆ. ಇನ್ನೊಂದು ಪ್ರಯಾಣವನ್ನೂ ನೆನೆಯಬಹುದು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರು ಅದಕ್ಕೆ ಮುನ್ನ ಜೈನ ಸಾಧು ಬೇಚರಜಿ ಸ್ವಾಮಿಗಳ ಎದುರಿನಲ್ಲಿ ಮದ್ಯ, ಮಾಂಸ, ಪರಸ್ತ್ರೀ ಸಂಗವನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. ಹಡಗಿನ ಊಟದಲ್ಲಿ ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚಪಟ್ಟು, ಮನೆಯಿಂದ ಒಯ್ದ ಸಿಹಿತಿನಿಸು ಮತ್ತು ಹಣ್ಣುಗಳನ್ನು ತಮ್ಮ ಕೋಣೆಯಲ್ಲಿಯೇ ತಿಂದು ದಿನಗಳನ್ನು ಕಳೆದರು. ಈಗ ಹಾಗೆ ಸಂಕೋಚಪಡಬೇಕಾದ ಕಾರಣವಿಲ್ಲ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೂ ಫಲಕ ಬರೆದು ತೂಗುಹಾಕಿರುತ್ತಾರೆ.

ಮುಂಬಯಿಯ ಹಡಗಿನಲ್ಲಿ ಅಂಥ ಫಲಕವಿತ್ತು. ಊಟದ ದೊಡ್ಡ ಸಭಾಗೃಹದ ಒಂದು ಪಕ್ಕದಲ್ಲಿ ‘ಜೈನ’ ಎಂದು ಬರೆದ ಪ್ರತ್ಯೇಕ ಸಾಲು. ಈರುಳ್ಳಿ ಬೆಳ್ಳುಳ್ಳಿಯಿಲ್ಲ, ಆಲೂಗಡ್ಡೆ ಗಜ್ಜರಿಯಿಲ್ಲ, ಬಡಿಸುವ ಸೌಟುಗಳೂ ಬೇರೆ. ಬಸವಕಲ್ಯಾಣದ ಕುಟುಂಬಕ್ಕೆ ಅದನ್ನು ಕಂಡು ಆದ ಆನಂದ ಅಷ್ಟಿಷ್ಟಲ್ಲ. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ದಶಮಿ, ಶೇಂಗಾ ಹಿಂಡಿಯನ್ನು ಬಂದರಿನ ತಪಾಸಣೆಯಲ್ಲಿಯೇ ಬಿಡಿಸಿಕೊಂಡಿದ್ದರು. ಮನೆಯಲ್ಲಿ ಬೇಯಿಸಿದ್ದನ್ನು ಹಡಗಿಗೆ ತರಬಾರದೆಂಬ ನಿಯಮ ಅವರಿಗೆ ತಿಳಿದಿರಲಿಲ್ಲ. ಆ ಬೇಸರವನ್ನು ಈ ಸಾಲು ಮರೆಸಿತು.

ಆದರೆ ಆ ಸಾಲು ತೆರೆಯುತ್ತಿದ್ದುದು ಸಂಜೆ ಏಳೂವರೆಗೆ. ಡಿಸೆಂಬರಿನಲ್ಲಿ ಮುಂಬಯಿಯ ಸೂರ್ಯಾಸ್ತ ಸುಮಾರು ಆರು ಗಂಟೆಗೆ.

ಮೊದಲ ದಿನ ಇದು ಯಾರ ಗಮನಕ್ಕೂ ಬರಲಿಲ್ಲ. ಹಡಗು ಬಿಡುವ ಮುನ್ನ ಪ್ರಯಾಣಿಕರೆಲ್ಲರೂ ಸುರಕ್ಷಾ ಕವಾಯತಿಗೆ ಸೇರಬೇಕು. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಗುಲಿ 32 ಜನ ಮಡಿದರು. ಆ ದಿನವೇ ಹತ್ತಿದವರಿಗೆ ಇನ್ನೂ ಈ ಕವಾಯತು ಆಗಿರಲಿಲ್ಲ. ಅಲ್ಲಿಂದ ಮುಂದೆ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅದನ್ನು ನಡೆಸಬೇಕೆಂದು ಅಂತಾರಾಷ್ಟ್ರೀಯ ನಿಯಮವಾಯಿತು. ಜೀವರಕ್ಷಣೆಯ ನಿಯಮ, ಆಕ್ಷೇಪಿಸತಕ್ಕದ್ದಲ್ಲ. ಆದರೆ ಸಂಜೆ ಹೊರಡುವ ಹಡಗಿನಲ್ಲಿ ಅದು ಬೀಳುವುದು ಸರಿಯಾಗಿ ಶ್ರಾವಕನು ಉಣ್ಣಬೇಕಾದ ಹೊತ್ತಿಗೆ. ಕವಾಯತು ಮುಗಿಸಿ ಮೇಲಿನ ಅಟ್ಟಕ್ಕೆ ಬರುವಷ್ಟರಲ್ಲಿ ಸೂರ್ಯನು ನೀರಿಗಿಳಿದಿದ್ದ. ಎಲ್ಲರೂ ಆ ದೃಶ್ಯದ ಛಾಯಾಚಿತ್ರ ತೆಗೆದುಕೊಂಡರು.

ಅಣ್ಣನ ಮಗಳಿಗೆ ಆಗ ಹದಿಮೂರು ವರ್ಷ. 2022ರ ದಶಲಕ್ಷಣ ಪರ್ವದಲ್ಲಿ ಅವಳು ಅಜ್ಜಿಯ ಜೊತೆ ಕುಳಿತು ರಾತ್ರಿಭೋಜನ ತ್ಯಾಗದ ನಿಯಮ ಮಾಡಿದ್ದಳು. ಯಾರೂ ಬಲವಂತ ಮಾಡಿದ್ದಲ್ಲ. ಹದಿನೈದು ತಿಂಗಳು, ಶಾಲೆಯ ವಾರ್ಷಿಕೋತ್ಸವದ ದಿನವೂ ಬಿಡದೆ, ನಡೆಸಿಕೊಂಡು ಬಂದಿದ್ದಳು. ಅಂದು ರಾತ್ರಿ ಎಂಟು ಗಂಟೆಗೆ ಕುಟುಂಬವೆಲ್ಲ ಆ ಸಾಲಿನ ಮುಂದೆ ತಟ್ಟೆ ಹಿಡಿದು ನಿಂತಾಗ ಅವಳು ಹಿಂದೆ ಉಳಿದಳು. ತಂದೆ ಫಲಕವನ್ನು ತೋರಿಸಿದ. “ಜೈನ ಊಟಾನೇ ಅದ ಅಲ್ಲವಾ? ಉಣ್ಣು, ಏನೂ ಆಗಂಗಿಲ್ಲ.” ಮಗಳು ಉಂಡಳು. ಎರಡನೆಯ ದಿನ ಕೇಳಬೇಕಾಗಲಿಲ್ಲ. ಮೂರನೆಯ ದಿನ ಅವಳೇ ಮುಂದಾಗಿ ಹೋಗಿ ಸಾಲಿನಲ್ಲಿ ನಿಂತಳು.

ಫಲಕದಲ್ಲಿ ಸುಳ್ಳೇನೂ ಇರಲಿಲ್ಲ. ತಟ್ಟೆಯಲ್ಲಿದ್ದುದೆಲ್ಲ ಅದು ಹೇಳಿದ ಹಾಗೆಯೇ ಇತ್ತು. ಗಡಿಯಾರದ ವಿಷಯವನ್ನು ಫಲಕ ಹೇಳಿರಲಿಲ್ಲ, ಹೇಳಬೇಕಾದವರು ಸುಮ್ಮನಿದ್ದರು. ಗಡ್ಡೆಗಳನ್ನು ಬಿಟ್ಟರೆ ಜೈನ ಊಟವಾಯಿತೆಂದು ಅಡುಗೆಯವನು ತಿಳಿದರೆ ಅವನನ್ನು ದೂರಲಾಗದು. ನಮ್ಮ ಸಮಾಜದ ಮದುವೆಗಳಲ್ಲಿಯೇ ರಾತ್ರಿ ಹತ್ತು ಗಂಟೆಗೆ ‘ಜೈನ ಪಂಕ್ತಿ’ ಏಳುವುದನ್ನು ಅವನು ಕಂಡಿರಬಹುದು.

ಸಿಂಗಪುರದ ಹಡಗಿನಲ್ಲಿ ಫಲಕವಿರಲಿಲ್ಲ. ಹುಮನಾಬಾದಿನ ತಮ್ಮ ವಾಣಿಜ್ಯ ಪದವೀಧರ, ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದುವ ಸ್ವಭಾವದವನು. ಕಂಪನಿಯ ಮೊಹರಿರುವ ಖಾಕ್ರಾ ಪೊಟ್ಟಣಗಳನ್ನು ಮಾತ್ರ ಒಯ್ದಿದ್ದ; ಅವನ್ನು ಯಾರೂ ತಡೆಯಲಿಲ್ಲ. ಮೊದಲ ದಿನ ಖಾಕ್ರಾ, ಬಾಳೆಹಣ್ಣು, ಹಾಲು. ಮುಂದಿನ ದಿನಗಳಿಗೆ ಊಟದ ಮೇಲ್ವಿಚಾರಕನನ್ನು ಕಂಡು ಏನು ಬೇಕು, ಏನು ಬೇಡ ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟ. ಮರುದಿನ ಅನ್ನ, ಬೇಳೆ, ಒಂದು ಎಲೆಕೋಸಿನ ಪಲ್ಯ. ಅದರ ಮರುದಿನವೂ ಅವೇ. ಮಕ್ಕಳು ಮುಖ ಸಿಂಡರಿಸಿದರು. ಆದರೂ ಊಟಕ್ಕೆ ಕರೆ ಬಂದದ್ದು ಆರು ಗಂಟೆಯ ಮೊದಲ ಪಂಕ್ತಿಗೆ, ಹೊರಗೆ ಬಿಸಿಲು ಇನ್ನೂ ಇತ್ತು.

ಪ್ರಯಾಣಗಳು ಮುಗಿದ ಮೇಲೆ ಹುಮನಾಬಾದಿನ ಮನೆಯಲ್ಲಿ ಒಂದು ರವಿವಾರ ಎಲ್ಲರೂ ಕೂಡಿದರು. ಅಣ್ಣ ತನ್ನ ಹಡಗನ್ನು ಹೊಗಳಿದ: ಕನ್ನಡ ಇಲ್ಲದಿದ್ದರೂ ಹಿಂದಿ ಮಾತಾಡುತ್ತಾರೆ, ಪಾಸಪೋರ್ಟಿನ ತೊಂದರೆಯಿಲ್ಲ, ಊಟವಂತೂ ಮನೆಯ ಹಾಗೆ. ತಮ್ಮ ಲೆಕ್ಕದ ವಹಿ ತೆಗೆದ. ಟಿಕೇಟಿನ ದರ ಬೇರೆ, ತೆತ್ತ ಹಣ ಬೇರೆ ಎಂದು ಎರಡೂ ಪ್ರಯಾಣಗಳ ಕಲಮುಗಳನ್ನು ಓದಿದ: ಬಂದರು ಶುಲ್ಕ, ತೆರಿಗೆ, ತಲೆಗೆ ರಾತ್ರಿಗೆ ಇಷ್ಟೆಂದು ಸೇವಾಶುಲ್ಕ, ಇಂಟರ್‌ನೆಟ್ಟಿಗೆ ಬೇರೆ, ತನ್ನದಕ್ಕೆ ವೀಸಾ ಮತ್ತು ವಿಮಾನ. ವಿಮಾನವನ್ನು ಬಿಟ್ಟರೆ ಎರಡೂ ಹೆಚ್ಚುಕಡಿಮೆ ಸಮನಾದವು. ಜೂಜುಕಟ್ಟೆ ಎರಡರಲ್ಲಿಯೂ ಇತ್ತು. ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ; ಇಬ್ಬರೂ ಅದರ ಬಾಗಿಲು ದಾಟಲಿಲ್ಲವೆಂಬುದನ್ನು ಜಮೆಯ ಕಡೆಗೆ ಬರೆದುಕೊಳ್ಳಬಹುದು.

ತಾಯಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಮೊದಲು ನೀರಿನ ವಿಷಯ ಕೇಳಿದಳು. ಸಮುದ್ರದ ನೀರನ್ನು ಕಾಯಿಸಿ ಆವಿ ಮಾಡಿ ತಣಿಸಿಯೋ, ಒತ್ತಡದಿಂದ ಸೋಸಿಯೋ ಸಿಹಿನೀರು ಮಾಡುತ್ತಾರೆಂದು ತಮ್ಮ ವಿವರಿಸಿದ. “ಅಂದರ ಸೋಸಿದ್ದೇ ಆತು” ಎಂದಳು ತೃಪ್ತಿಯಿಂದ. ತಟ್ಟೆಯಲ್ಲಿ ಬಿಟ್ಟ ಅನ್ನ ಎಲ್ಲಿ ಹೋಗುತ್ತದೆಂದು ಕೇಳಿದಳು. ದಂಡೆಯಿಂದ ಕನಿಷ್ಠ ಮೂರು ಸಮುದ್ರ ಮೈಲಿ ದೂರದಲ್ಲಿ ಅರೆದು, ಹನ್ನೆರಡು ಮೈಲಿಯಾಚೆ ಅರೆಯದೆಯೂ, ನೀರಿಗೆ ಬಿಡಲು ಅಂತಾರಾಷ್ಟ್ರೀಯ ನಿಯಮ ಅವಕಾಶ ಕೊಡುತ್ತದೆ. ಇದನ್ನು ಕೇಳಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಭೋಗೋಪಭೋಗ ಪರಿಮಾಣವನ್ನೂ ಅನರ್ಥದಂಡ ತ್ಯಾಗವನ್ನೂ ಸಮಂತಭದ್ರರು ದಿಗ್ವ್ರತದ ಸಂಗಡವೇ ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಬೇಕಾದಷ್ಟು ಬಡಿಸಿಕೊಳ್ಳಿರೆಂದು ಕರೆಯುವ ಹಡಗಿನ ಊಟದ ಮನೆಯಲ್ಲಿ ಈ ಮೂರೂ ಏಕೆ ಕೂಡಿಯೇ ಇರಬೇಕೆಂಬುದು ತಿಳಿಯುತ್ತದೆ.

ಆಮೇಲೆ ಅವಳು ಕೇಳಿದಳು: “ಹೊತ್ತು ಮುಳುಗೋದ್ರಾಗ ಉಣ್ತಿದ್ರೇನಪಾ?”

ಅಣ್ಣ ಉತ್ತರಿಸುವ ಮೊದಲೇ ಮಗಳು ಎದ್ದು ಒಳಗೆ ಹೋದಳು. ಐದು ತಿಂಗಳಿನಿಂದ ಅವಳು ಆ ವಿಷಯವನ್ನು ಅಜ್ಜಿಗೆ ಹೇಳಿರಲಿಲ್ಲ. ಬಸವಕಲ್ಯಾಣಕ್ಕೆ ಮರಳಿದ ಮೇಲೆ ನಿಯಮವನ್ನು ಮತ್ತೆ ಹಿಡಿದಿರಲೂ ಇಲ್ಲ. ಒಮ್ಮೆ ಮುರಿದದ್ದು ಮುರಿದೇ ಹೋಯಿತೆಂದು ಅವಳ ಎಣಿಕೆ. ಅಜ್ಜಿ ಆರು ತಿಂಗಳು ಹುಮನಾಬಾದಿನಲ್ಲಿದ್ದುದರಿಂದ ಕಾಣುವವರೂ ಇರಲಿಲ್ಲ.

ತಮ್ಮ ಗೆಲುವಿನ ಧ್ವನಿಯಲ್ಲಿ ತಾವು ದಿನವೂ ಹಗಲಿನಲ್ಲಿಯೇ ಉಂಡದ್ದನ್ನು ಹೇಳಿದ. ತಮ್ಮ ಕಂಪನಿಯೇ ಉತ್ತಮ, ಫಲಕವಿಲ್ಲದಿದ್ದರೂ ವ್ರತ ನಡೆಯಿತು ಎಂದ. ಅವನ ಜಮಾ-ಖರ್ಚು ಇಲ್ಲಿ ತಪ್ಪಿತು. ಆ ಪುಣ್ಯ ಕಂಪನಿಯದೂ ಅಲ್ಲ, ಪೂರ್ತಿ ಅವನದೂ ಅಲ್ಲ. ಸಿಂಗಪುರವು ಸುಮಾರು 104 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೂ 1982ರಿಂದ ಅದರ ಗಡಿಯಾರ 120 ಡಿಗ್ರಿಯ ಕಾಲವನ್ನು ತೋರಿಸುತ್ತದೆ. ಭೂಮಧ್ಯರೇಖೆಯ ಹತ್ತಿರವಿರುವುದರಿಂದ ವರ್ಷವಿಡೀ ಅಲ್ಲಿ ಸೂರ್ಯ ಮುಳುಗುವುದು ಏಳರ ಆಸುಪಾಸಿನಲ್ಲಿ. ಆರಕ್ಕೆ ಉಂಡವನು ಅಲ್ಲಿ ವ್ರತಿಯಾಗುತ್ತಾನೆ. ಡಿಸೆಂಬರಿನ ಮುಂಬಯಿಯಲ್ಲಿ ಅದೇ ಆರಕ್ಕೆ ಉಣ್ಣಲು ಕುಳಿತವನು ವ್ರತಭಂಗದ ಅಂಚಿನಲ್ಲಿರುತ್ತಾನೆ. ಹುಮನಾಬಾದಿನವನು ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟಿದ್ದರೆ ಏನು ಮಾಡುತ್ತಿದ್ದನೆಂಬ ಪ್ರಶ್ನೆಯನ್ನು ಅಣ್ಣ ಕೇಳಿಯೇ ಬಿಟ್ಟ. ತಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಗೊತ್ತಿಲ್ಲಣ್ಣಾ” ಎಂದ. ಆ ದಿನ ಆಡಿದ ಮಾತುಗಳಲ್ಲಿ ಇದು ಪ್ರಾಮಾಣಿಕವಾದದ್ದು.

ಅಣ್ಣನೂ ತಪ್ಪಿಸಿಕೊಳ್ಳಲಿಲ್ಲ. “ಅವ್ವಾ, ಆಕೀದು ತಪ್ಪಿಲ್ಲ. ಉಣ್ಣು ಅಂದಾಂವ ನಾನೇ” ಎಂದ. ತಾಯಿ ಅವನನ್ನು ಏನೂ ಅನ್ನಲಿಲ್ಲ. ಆರಿಸಿದ ಅಕ್ಕಿಯನ್ನು ಮರದಿಂದ ಡಬ್ಬಿಗೆ ಸುರಿದು ಒಳಗೆ ಹೋದಳು. ಮೊಮ್ಮಗಳ ಪಕ್ಕ ಕುಳಿತು ಅವಳು ಆಡಿದ ಮಾತು ಹೊರಗಿನವರಿಗೂ ಕೇಳಿಸಿತು: “ನಂದೂ ಒಮ್ಮೆ ತಪ್ಪಿತ್ತವಾ. ಸೊಲ್ಲಾಪುರದಿಂದ ಬರೋ ಬಸ್ಸು ದಾರ್ಯಾಗ ಕೆಟ್ಟು ನಿಂತಾಗ. ಮಾರನೇ ದಿನ ಮಹಾರಾಜರ ಹಂತೇಕ ಹೋಗಿ ಹೇಳಿದೆ. ಮತ್ತ ಹಿಡಿ ಅಂದ್ರು, ಹಿಡಿದೆ.”

“ಆಯೀ, ಎಷ್ಟು ದಿನಕ್ಕ ಹಿಡೀಲಿ?”

“ಇವತ್ತಿಗೆ ಹಿಡಿ.”

ಆ ಸಂಜೆ ಹುಮನಾಬಾದಿನ ಮನೆಯಲ್ಲಿ ಎಲ್ಲರೂ ಆರೂವರೆಯೊಳಗೆ ಉಂಡರು. ಬಸವಕಲ್ಯಾಣದವರು ಉಂಡೇ ಹೊರಟರು.

ಬರುವ ಡಿಸೆಂಬರಿಗೆ ಎರಡೂ ಕುಟುಂಬಗಳು ಕೂಡಿ ಮತ್ತೊಂದು ಹಡಗಿನಲ್ಲಿ ಹೋಗುವ ಯೋಚನೆಯಿದೆ. ತಾಯಿ ಮುಂಬಯಿಯ ದಂಡೆಯವರೆಗೆ ಬಂದು ಅವರನ್ನು ಕಳಿಸಿಕೊಡುವುದಾಗಿ ಒಪ್ಪಿದ್ದಾಳೆ. ಅದು ಅವಳ ಮೇರೆಯ ಒಳಗಿದೆ. ಅಣ್ಣನು ಹೈದರಾಬಾದಿನ ಏಜೆಂಟನಿಗೆ ಫೋನು ಮಾಡಿ ದರವನ್ನು ಕೇಳುವ ಮೊದಲು ಊಟದ ಮೊದಲ ಪಂಕ್ತಿ ಎಷ್ಟು ಗಂಟೆಗೆ, ಐದು ಗಂಟೆಗೆ ಬಡಿಸಲು ಸಾಧ್ಯವೇ, ಕವಾಯತಿನ ದಿನ ಏನು ವ್ಯವಸ್ಥೆ ಎಂದು ಕೇಳಿದ. ಜೈನ ಊಟ ಖಂಡಿತ ಇದೆ ಸಾಹೇಬರೇ ಎಂದು ಏಜೆಂಟ ಎರಡು ಸಲ ಹೇಳಿದ. ಮೂರನೆಯ ಸಲ ಕೇಳಿದಾಗ, ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ವಿಚಾರಿಸಿ ತಿಳಿಸುತ್ತೇನೆ ಎಂದ. ಅವನ ಫೋನು ಇನ್ನೂ ಬಂದಿಲ್ಲ. ಬಟ್ಟೆಯಂಗಡಿಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಹುಡುಗಿಯ ಕೈಬರಹದ ಒಂದು ಹಾಳೆ ಅಂಟಿಸಿದೆ: ಮುಂಬಯಿ, ಡಿಸೆಂಬರ್, ದಿನದಿನದ ಸೂರ್ಯಾಸ್ತ.