ಹೊಟ್ಟೆ ಬಿಟ್ಟ ಗಿಟಾರು

ಬಾಗಲಕೋಟೆ ನವನಗರದ ಆ ಮನೆಯಲ್ಲಿ ಗಿಟಾರಿನ ಸದ್ದು ದೀಪಾವಳಿಯ ಹೊತ್ತಿಗೆ ನಿಂತುಹೋಯಿತು. ದಿನವೂ ಸಂಜೆ ಅರ್ಧ ತಾಸು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದ ಮಗಳು ಒಂದು ದಿನ ಅದನ್ನು ಚೀಲದೊಳಗೆ ತುರುಕಿ ಕಬ್ಬಿಣದ ಕಪಾಟಿನ ಮೇಲೆ ಏರಿಸಿಬಿಟ್ಟಳು. "ಇದು ನನ್ನ ಬೆರಳಿಗೆ ಬರೂದಿಲ್ಲಪ್ಪಾ" ಎಂದಷ್ಟೇ ಹೇಳಿದಳು. ಎರಡನೆಯ ಪಿಯುಸಿಯ ವರ್ಷ. ತಂದೆ ಮೇಲೆ ಮೇಲೆ "ಹಂಗ್ಯಾಕವಾ" ಎಂದರೂ ಒಳಗೊಳಗೇ ಹಗುರಾದರು. ಪರೀಕ್ಷೆ ಮುಗಿಯುವತನಕ ಇದೊಂದು ಕಾಟ ತಪ್ಪಿತಲ್ಲ ಎಂಬ ಸಮಾಧಾನ ಅವರದು.

ಹಳಹಳಿ ಆದದ್ದು ತಾಯಿಗೆ. ಆ ಗಿಟಾರು ಅವರ ತಮ್ಮನದು. ಇಳಕಲ್ಲಿನ ನೇಕಾರರ ಮನೆಯ ಹುಡುಗ ಪುಣೆಗೆ ಕೆಲಸಕ್ಕೆ ಹೋಗಿ ಮೊದಲ ಪಗಾರದಲ್ಲಿ ಕೊಂಡದ್ದು. ಅವನು ಈಗಿಲ್ಲ. ಅವನು ಹೋದ ಮೇಲೆ ಅದು ಎಷ್ಟೋ ವರ್ಷ ಇಳಕಲ್ಲಿನ ಮನೆಯಲ್ಲಿ, ಮಗ್ಗದ ಕೋಣೆಯ ಒಳಗೋಡೆಗೆ ತೂಗುಬಿದ್ದಿತ್ತು. ಮೊಮ್ಮಗಳು ಹೈಸ್ಕೂಲು ಸೇರಿದಾಗ ಅಜ್ಜ ತಾನೇ ಇಳಿಸಿ, ದೂಳು ಒರೆಸಿ, "ಮಾಮಾಂದು, ಜ್ವಾಕಿ" ಎಂದು ಕೈಗೆ ಕೊಟ್ಟರು. ಗಿಟಾರೆಂದರೆ ಏನೆಂದು ಅಜ್ಜನಿಗೆ ತಿಳಿಯದು. ಆದರೆ ಮಗ ಹೋದ ವಾರದಲ್ಲೇ ಅದರ ಆರೂ ತಂತಿಗಳನ್ನು ಅವರು ಸಡಿಲಿಸಿ ಇಟ್ಟಿದ್ದರು. ಯಾರೂ ನುಡಿಸದ ತಂತಿ ಬಿಗಿಯಾಗಿ ಯಾಕಿರಬೇಕು ಎಂಬುದು ಅವರ ಲೆಕ್ಕ. ಜೀವನವಿಡೀ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದವರು ಅವರು. ಸಂಜೆ ಏಳುವ ಮುನ್ನ ಹಾಸಿನ ಬಿಗಿಯನ್ನು ಒಂದಿಷ್ಟು ಬಿಟ್ಟೇ ಏಳುವ ಪದ್ಧತಿ.

ನವನಗರಕ್ಕೆ ಬಂದ ಮೂರೇ ವರ್ಷದಲ್ಲಿ ಗಿಟಾರು ಕೆಟ್ಟಿತು. ಕೆಟ್ಟದ್ದು ಗಿಟಾರು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ತಂತಿಗಳು ದಿನದಿಂದ ದಿನಕ್ಕೆ ಹಲಗೆಯಿಂದ ಮೇಲೇಳುತ್ತಿದ್ದವು. ಒತ್ತಲು ಹೆಚ್ಚು ಬಲ ಬೇಕು. ಬಲ ಹಾಕಿ ಒತ್ತಿದರೆ ತಂತಿ ಎಳೆದುಕೊಂಡು ಸ್ವರ ಏರುತ್ತದೆ. ಶ್ರುತಿ ಮಾಡಿದರೂ ಅಪಸ್ವರ. ಬೆರಳ ತುದಿ ಕೆಂಪಗೆ ಬಾತುಕೊಳ್ಳುತ್ತಿತ್ತು. ಸದ್ದು ಜೋರಾಗಲೆಂದು ಹುಡುಗಿ ದಪ್ಪನೆಯ ತಂತಿಗಳ ಹೊಸ ಸೆಟ್ಟು ತರಿಸಿ ಹಾಕಿದಳು. ಅದರಿಂದ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಕೊನೆಗೆ ತಪ್ಪೆಲ್ಲ ತನ್ನ ಬೆರಳಿನದೆಂದು ತೀರ್ಮಾನಿಸಿಕೊಂಡಳು. ಹೀಗೆ ವಾದ್ಯದ ದೋಷವನ್ನು ತಮ್ಮ ತಲೆಗೆ ಕಟ್ಟಿಕೊಂಡು ಸಂಗೀತ ಬಿಟ್ಟ ಮಕ್ಕಳು ಅದೆಷ್ಟು ಮಂದಿಯೋ.

ಜನವರಿಯಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಈ ಜಾತ್ರೆ ನಾಟಕ ಕಂಪನಿಗಳಿಗೆ ಹೇಗೆ ಹೆಸರುವಾಸಿಯೋ ಮನೆಬಾಗಿಲುಗಳ ಮಾರಾಟಕ್ಕೂ ಹಾಗೆಯೇ. ಮನೆ ಕಟ್ಟುವವರು ಚೌಕಟ್ಟು, ಬಾಗಿಲು ಕೊಳ್ಳಲು ಇಲ್ಲಿಗೇ ಬರುತ್ತಾರೆ. ಮಳೆಗಾಲದಲ್ಲಿ ಮುಚ್ಚಲಾಗದೆ ಬಿಗಿಯುವ ಅಡುಗೆಮನೆಯ ಬಾಗಿಲಿನಿಂದ ಬೇಸತ್ತಿದ್ದ ತಂದೆಯೂ ಹೊಸದೊಂದನ್ನು ನೋಡಲು ಹೋದರು. ಮಗಳೂ ಜೊತೆಗಿದ್ದಳು. ಬಾಗಿಲು ಹೀಗೆ ಉಬ್ಬುವುದೇಕೆ ಎಂದು ಅವರು ತಕರಾರು ತೆಗೆದಾಗ ಬಡಿಗ ನಕ್ಕು, ಒಂದು ಬಾಗಿಲಿನ ನಡುವಿನ ಹಲಗೆಯನ್ನು ಅಂಗೈಯಿಂದ ಅಲುಗಿಸಿ ತೋರಿಸಿದ.

"ನೋಡ್ರಿ ಸರ, ಈ ಹಲಗಿಗೆ ಎಲ್ಲೂ ಅಂಟ ಹಚ್ಚಿಲ್ಲ, ಮೊಳಿ ಹೊಡದಿಲ್ಲ. ಚೌಕಟ್ಟಿನ ಸಂದಿನ್ಯಾಗ ಸಡಲ ಕುಂದರಸೇವಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕುಗ್ಗತೈತಿ. ಜಾಗಾ ಕೊಟ್ರ ತನ್ನ ಪಾಡಿಗೆ ತಾ ಇರತೈತಿ."

"ಸುತ್ತಲೂ ಅಂಟ ಹಚ್ಚಿದ್ರ?" ಎಂದು ಮಗಳು ಕೇಳಿದಳು.

"ಹಚ್ಚಿದ್ರ ಏನೈತಿ ತಂಗಿ, ಒಂದೋ ಸೀಳತೈತಿ, ಇಲ್ಲಾಂದ್ರ ಹೊಟ್ಟಿ ಬಿಡತೈತಿ."

ಅಂದು ರಾತ್ರಿ ಮನೆಗೆ ಬಂದವಳೇ ಗಿಟಾರನ್ನು ಕೆಳಗಿಳಿಸಿದಳು. ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಯನ್ನು ಮೇಲ್ಹಲಗೆಗೆ ಅಡ್ಡಲಾಗಿ ನಿಲ್ಲಿಸಿ ನೋಡಿದಳು. ತಂತಿ ಕಟ್ಟುವ ಬ್ರಿಡ್ಜ್‌ನ ಹಿಂದೆ ಹಲಗೆ ನಿಜಕ್ಕೂ ಹೊಟ್ಟೆ ಬಿಟ್ಟಿತ್ತು. ಮುಂದೆ, ನಡುವಿನ ರಂಧ್ರದ ಕಡೆಗೆ, ತುಸು ತಗ್ಗು ಬಿದ್ದಿತ್ತು. ಹನ್ನೆರಡನೆಯ ಫ್ರೆಟ್ಟಿನ ಬಳಿ ಎರಡೂವರೆ ಮಿಲಿಮೀಟರಿನ ಆಸುಪಾಸು ಇರಬೇಕಾದ ತಂತಿಯ ಎತ್ತರ ಐದರ ಹತ್ತಿರವಿತ್ತು.

ಗಿಟಾರಿನ ಕಷ್ಟ ಬಾಗಿಲಿನದಕ್ಕಿಂತ ದೊಡ್ಡದು. ಅದರ ಮೇಲ್ಹಲಗೆ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪದ್ದು, ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಮರದ್ದು. ಅದು ಅಷ್ಟು ತೆಳ್ಳಗಿದ್ದರೇ ತಂತಿಯ ಕಂಪನಕ್ಕೆ ತಾನೂ ಕಂಪಿಸಿ ದನಿ ಕೊಡುವುದು. ಸ್ಪೇನಿನ ಆಂಟೋನಿಯೋ ಡಿ ಟೊರೆಸ್ ಎಂಬ ಪ್ರಸಿದ್ಧ ಗಿಟಾರು ಕುಶಲಿ 1862ರಲ್ಲಿ ಒಂದು ವಿಚಿತ್ರ ಮಾಡಿದ. ಬೆನ್ನು, ಪಕ್ಕೆಗಳನ್ನೆಲ್ಲ ಕಾಗದದ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಯೊಂದನ್ನು ಮಾತ್ರ ಒಳ್ಳೆಯ ಮರದಲ್ಲಿ ಕೂರಿಸಿದ. ದನಿಯ ಜೀವ ಇರುವುದು ಈ ಹಲಗೆಯಲ್ಲೇ ಎಂದು ತೋರಿಸುವುದು ಅವನ ಹಟ. ಆ ಗಿಟಾರು ಇಂದಿಗೂ ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ತೆಳು ಹಲಗೆಯ ಮೇಲೆ ಬೀಳುವ ಎಳೆತವೆಷ್ಟು? ಉಕ್ಕಿನ ತಂತಿಯ ಗಿಟಾರಿಗೆ ಹಗುರ ಸೆಟ್ಟು ಹಾಕಿದರೂ ಆರು ತಂತಿ ಸೇರಿ ಸುಮಾರು 70ರಿಂದ 75 ಕಿಲೋ. ಅಂದರೆ ಮುಕ್ಕಾಲು ಕ್ವಿಂಟಲ್ ಜೋಳವನ್ನು ಹಗಲೂ ರಾತ್ರಿ ತೂಗುಹಾಕಿದಂತೆ. ಈ ಎಳೆತ ಹಲಗೆಯ ಮಟ್ಟದಲ್ಲಿಲ್ಲ, ಅದಕ್ಕಿಂತ ಒಂದಿಷ್ಟು ಮೇಲೆ, ಬ್ರಿಡ್ಜ್‌ನ ನೆತ್ತಿಯಲ್ಲಿದೆ. ಹೋರಿ ಕಟ್ಟಿದ ಗೂಟವನ್ನು ನೋಡಿದವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ. ಹೋರಿ ಜಗ್ಗಿದರೆ ಗೂಟ ಅದರ ಕಡೆಗೆ ವಾಲುತ್ತದೆ. ಆ ಕಡೆಯ ಮಣ್ಣು ಒತ್ತಿಕೊಳ್ಳುತ್ತದೆ, ಹಿಂದಿನ ಮಣ್ಣು ಮೇಲೇಳುತ್ತದೆ. ಗಿಟಾರಿನ ಹೊಟ್ಟೆ ಮತ್ತು ತಗ್ಗು ಹುಟ್ಟುವುದೂ ಹಾಗೆಯೇ. ಇದನ್ನು ತಡೆಯಲೆಂದೇ ಒಳಗಡೆ ಮರದ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಗುಣಾಕಾರದ ಚಿಹ್ನೆಯಂತೆ ಎರಡು ಪಟ್ಟಿ ಅಡ್ಡಹಾಯುವ ವಿನ್ಯಾಸವನ್ನು ಅಮೆರಿಕದ ಮಾರ್ಟಿನ್ ಕಾರ್ಖಾನೆ 1840ರ ದಶಕದಿಂದಲೇ ಬಳಸುತ್ತಿತ್ತು. ಮುಂದೆ ಉಕ್ಕಿನ ತಂತಿ ಬಂದಾಗ ಆ ಎಳೆತಕ್ಕೂ ಅದೇ ಒದಗಿತು. ನೈಲಾನ್ ತಂತಿಯ ಗಿಟಾರಿನ ಪಟ್ಟಿಗಳು ಇನ್ನೂ ನಾಜೂಕು. ಅವು ಹೊರಬೇಕಾದ ಎಳೆತ ಸುಮಾರು 40 ಕಿಲೋ ಮಾತ್ರ. ಸದ್ದು ಸಾಲದೆಂದು ಮಕ್ಕಳ ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿಸಿಕೊಡುವ ತಂದೆತಾಯಿಗಳಿದ್ದಾರೆ. ಅಂಥ ಗಿಟಾರು ಹೆಚ್ಚು ದಿನ ಬಾಳುವುದಿಲ್ಲ.

ಎಳೆತ ಒಂದು ಕಡೆಯಾದರೆ ಹವೆ ಇನ್ನೊಂದು ಕಡೆ. ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಎಳೆಗೆ ಅಡ್ಡಲಾಗಿ. ಗಿಟಾರಿನ ಅಗಲದ ಬಿಡಿ ಹಲಗೆಯೊಂದು ಒಣ ಬೇಸಿಗೆಯಿಂದ ಜಡಿಮಳೆಗೆ ಬರುವಷ್ಟರಲ್ಲಿ ಮೂರು ನಾಲ್ಕು ಮಿಲಿಮೀಟರ್ ಅಗಲವಾಗಬಲ್ಲದು. ಆದರೆ ಮೇಲ್ಹಲಗೆ ಬಿಡಿಯಾಗಿಲ್ಲ. ಅಂಚಿನ ಸುತ್ತ ಅಂಟು, ಒಳಗೆ ಅಡ್ಡಪಟ್ಟಿಗಳ ಅಂಟು. ಹಿಗ್ಗಲು ಜಾಗವಿಲ್ಲದ ಹಲಗೆ ಮೇಲಕ್ಕೆ ಉಬ್ಬುತ್ತದೆ. ಒಣಗಿದಾಗ ಇದೇ ತಿರುಗುಮುರುಗು: ಮೊದಲು ಚಪ್ಪಟೆಯಾಗುತ್ತದೆ, ಆಮೇಲೆ ಒಳಕ್ಕೆ ಕುಸಿಯುತ್ತದೆ, ತಂತಿಗಳು ಫ್ರೆಟ್ಟಿಗೆ ತಾಗಿ ಗುಂಯ್‌ಗುಡುತ್ತವೆ, ಕೊನೆಗೊಂದು ದಿನ ಹಲಗೆ ಎಳೆಗುಂಟ ಸೀಳುತ್ತದೆ. ಪ್ಲೈವುಡ್ ಹಲಗೆಯ ಅಗ್ಗದ ಗಿಟಾರುಗಳು ಸುಲಭಕ್ಕೆ ಸೀಳುವುದಿಲ್ಲ, ಆದರೆ ಎಳೆತಕ್ಕೆ ಹೊಟ್ಟೆ ಬಿಡುವುದರಿಂದ ಅವುಗಳಿಗೂ ವಿನಾಯಿತಿ ಇಲ್ಲ. ಗಡಿಯಾಚೆಯ ಮಿರಜಿನ ತಂಬೂರಿಗಳ ಮರದ ಮುಖವನ್ನು ಮೊದಲೇ ಸ್ವಲ್ಪ ಕಮಾನಾಗಿ ಕೆತ್ತಿರುತ್ತಾರೆ. ಹತ್ತೊಂಬತ್ತನೆಯ ಶತಮಾನದಿಂದ ಬಂದ, 2024ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕಸುಬಿನ ಜಾಣತನ ಆ ಕಮಾನಿನಲ್ಲಿದೆ. ಒಳ್ಳೆಯ ಗಿಟಾರಿನ ಮುಖವೂ ಪೂರ್ತಿ ಸಪಾಟಾಗಿರುವುದಿಲ್ಲ. ಹಾಗಾಗಿ ತುಸು ಉಬ್ಬು ಕಂಡಕೂಡಲೇ ಎದೆಗುಂದಬೇಕಿಲ್ಲ.

ಇಳಕಲ್ಲಿನಲ್ಲಿ ಕೆಡದ್ದು ನವನಗರದಲ್ಲಿ ಕೆಟ್ಟದ್ದೇಕೆ ಎಂಬುದು ತಾಯಿಯ ಪ್ರಶ್ನೆ. ಸಡಿಲ ತಂತಿ ಒಂದು ಕಾರಣ. ಮತ್ತೊಂದು ಆ ಮನೆ. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ನೆಲದಲ್ಲಿ ಮಗ್ಗದ ಕುಣಿ. ಹವೆ ಒಣಗಿದರೆ ಹತ್ತಿಯ ನೂಲು ಪಟಪಟ ಹರಿಯುತ್ತದೆಂದು ಅಜ್ಜ ಬೇಸಿಗೆಯಲ್ಲಿ ಕೋಣೆಗೆ ನೀರು ಚಿಮುಕಿಸಿ ತಂಪು ಕಾಯುತ್ತಿದ್ದರು. ನೂಲಿಗೆಂದು ಮಾಡಿದ ಆರೈಕೆ ಗೋಡೆಯ ಮೇಲಿನ ಗಿಟಾರಿಗೂ ಸಿಗುತ್ತಿತ್ತು. ಹಳೆ ಬಾಗಲಕೋಟೆಯ ತಂದೆಯ ಮನೆಯೂ ಅಂಥದ್ದೇ ಇತ್ತು. ಅದು ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ನವನಗರದ ಸಿಮೆಂಟಿನ ತಾರಸಿ ಮನೆ ಏಪ್ರಿಲ್ ಮಧ್ಯಾಹ್ನ ಹಂಚಿನಂತೆ ಕಾಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ದಿನ ಕೋಣೆಯ ಆರ್ದ್ರತೆ ಶೇಕಡಾ 30ಕ್ಕಿಂತ ಕೆಳಗಿಳಿಯುವುದು ಅಪರೂಪವಲ್ಲ. ಗಿಟಾರಿಗೆ ಹಿತವಾದದ್ದು ಶೇಕಡಾ 45ರಿಂದ 55.

ಅಷ್ಟೇ ಅಲ್ಲ, ಗಿಟಾರು ಇಳಕಲ್ಲಿನಿಂದ ಬಂದ ದಿನವೂ ಈಗ ಎಲ್ಲರಿಗೂ ನೆನಪಾಯಿತು. ಮೇ ತಿಂಗಳು. ಹುನಗುಂದದಲ್ಲಿ ಬಸ್ಸು ಬದಲಿಸಲು ಇಳಿದಾಗ ಚೀಲ ಬಿಸಿಲಲ್ಲೇ ಇತ್ತು. ಮುಂದಿನ ಬಸ್ಸು ಕಿಕ್ಕಿರಿದಿತ್ತು. ಹುಷಾರಾಗಿರಲೆಂದು ತಂದೆಯೇ ಅದನ್ನು ಚಾಲಕನ ಪಕ್ಕದ ಇಂಜಿನ್ ಬಾನೆಟ್ಟಿಗೆ ಒರಗಿಸಿ ನಿಲ್ಲಿಸಿದ್ದರು. ಆಗಲೇ ಶ್ರುತಿ ಮಾಡಿಸಿ ಬಿಗಿದ ತಂತಿ. ಕೆಳಗೆ ಕಾದ ಇಂಜಿನ್ನು. ಮರಗೆಲಸದ ಅಂಟುಗಳು ಹೆಚ್ಚು ಕಾವಿಗೆ ಮೆತ್ತಗಾಗುತ್ತವೆ, ಎಳೆತ ಮಾತ್ರ ಕಡಿಮೆಯಾಗುವುದಿಲ್ಲ. ಬ್ರಿಡ್ಜ್ ಹಿಂಬದಿ ಏಳಲು ಶುರುವಾಗಿದ್ದು ಅಲ್ಲಿಯೇ ಇರಬೇಕು. ತಂದೆ ಆ ರಾತ್ರಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಮರುದಿನ ತಾವೇ ಒಂದು ಕಾಗದದ ಚೂರು ತಂದು ಬ್ರಿಡ್ಜ್‌ನ ಹಿಂದಿನ ಅಂಚಿನಲ್ಲಿ ತೂರಿಸಿ ನೋಡಿದರು. ಅದು ಸಲೀಸಾಗಿ ಒಳಗೆ ಹೋಯಿತು. ಎಲ್ಲ ತಂತಿಗಳನ್ನೂ ಇಳಿಸಿಟ್ಟು, "ಪರೀಕ್ಷಾ ಮುಗದ ದಿನಾನ ಹುಬ್ಬಳ್ಳಿಗೆ ಹೋಗೂಣು" ಎಂದರು.

ಹುಬ್ಬಳ್ಳಿಯ ರಿಪೇರಿಯವರು ಬಲ್ಲವರು. ಉಬ್ಬನ್ನು ಪೂರ್ತಿ ತಟ್ಟಿ ಸಪಾಟು ಮಾಡಿಕೊಡುವೆನೆಂಬ ಮಾತು ಆಡಲಿಲ್ಲ. ಸಣ್ಣ ಕನ್ನಡಿ, ಬ್ಯಾಟರಿ ಹಿಡಿದು ಒಳಗೆ ಇಣುಕಿ, ಬಿಟ್ಟುಕೊಂಡಿದ್ದ ಒಂದು ಪಟ್ಟಿಯನ್ನು ಮತ್ತೆ ಅಂಟಿಸಿದರು. ಬ್ರಿಡ್ಜನ್ನು ಬಿಡಿಸಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ ಕ್ಲಾಂಪು ಬಿಗಿದು ಒಂದು ದಿನ ಇಟ್ಟುಕೊಂಡರು. ತಂತಿ ಕೂಡುವ ಸ್ಯಾಡಲ್ ಪಟ್ಟಿಯನ್ನು ಕೆಳಗಿನಿಂದ ಉಜ್ಜಿ ತಗ್ಗಿಸಿದರು. ದಪ್ಪ ತಂತಿಗಳನ್ನು ಮರಳಿ ಕೊಡದೆ ಹಗುರ ಸೆಟ್ಟು ಕಟ್ಟಿದರು. ಇನ್ನೂ ಸ್ವಲ್ಪ ಹೊಟ್ಟೆ ಇದೆಯಲ್ಲ ಎಂದು ತಂದೆ ಅಂದಾಗ, "ಇರಲಿ ಬಿಡ್ರಿ, ವಯಸ್ಸಾದ ಮ್ಯಾಲ ಯಾರಿಗಿಲ್ಲ" ಎಂದರು. ಹುಡುಗಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ನುಡಿಸಿದಳು. ಬೆರಳು ಒತ್ತಿದಲ್ಲೆಲ್ಲ ಸ್ವರ ನೆಟ್ಟಗೆ ಬಂತು.

ಆ ಬೇಸಿಗೆ ಮನೆಯ ರೀತಿ ಬದಲಾಯಿತು. ಕಪಾಟಿನ ಮೇಲಿನ ಜಾಗ ರದ್ದು. ತಾರಸಿಯ ಕಾವು ಮೊದಲು ತಗಲುವುದು ಅಲ್ಲಿಗೇ. ಪಡುವಣ ಬಿಸಿಲು ಬೀಳುವ ಗೋಡೆಯೂ ಬೇಡ, ಮಳೆಗಾಲದಲ್ಲಿ ತಂಡಿ ಹಿಡಿಯುವ ಹೊರಗೋಡೆಯೂ ಬೇಡ. ಒಳಕೋಣೆಯಲ್ಲಿ ಗಟ್ಟಿ ಪೆಟ್ಟಿಗೆ, ನುಡಿಸದಾಗ ಗಿಟಾರು ಅದರೊಳಗೆ. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆಯ ಮಾಪಕವೊಂದನ್ನು ತಂದೆ ತಂದರು. ಅದರ ಮುಳ್ಳು ನೋಡುವುದು ಅವರಿಗೆ ಪೇಪರು ಓದುವಷ್ಟೇ ರೂಢಿಯಾಯಿತು. ಶೇಕಡಾ 40ಕ್ಕಿಂತ ಕೆಳಗಿಳಿದರೆ, ತೂತು ಕೊರೆದ ಸಾಬೂನು ಡಬ್ಬಿಯಲ್ಲಿ ನೀರು ಹಿಂಡಿದ ಸ್ಪಂಜು, ಮರಕ್ಕೆ ತಾಗದಂತೆ ಪೆಟ್ಟಿಗೆಯ ಮೂಲೆಯಲ್ಲಿ. ಮಳೆಗಾಲಕ್ಕೆ ಸ್ಪಂಜಿನ ಜಾಗದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಕೂಲರಿನ ಎದುರು ಮಾತ್ರ ಗಿಟಾರು ಇಡುವಂತಿಲ್ಲ. ರಾತ್ರಿಯೆಲ್ಲ ತೊಯ್ದು ಹಗಲು ಒಣಗುವ ಆ ಏರಿಳಿತ, ಬರೀ ಒಣಹವೆಗಿಂತ ಕೆಟ್ಟದ್ದು.

ದಿನವೂ ನುಡಿಸುವ ಗಿಟಾರಿನ ತಂತಿಯನ್ನು ರಾತ್ರಿ ಇಳಿಸಬೇಕೆ ಎಂಬುದು ಅಜ್ಜ ಮತ್ತು ರಿಪೇರಿಯವರ ನಡುವೆ, ಮೊಮ್ಮಗಳ ಮೂಲಕ ಫೋನಿನಲ್ಲೇ ನಡೆದ ವಾದ. ಬೇಕಿಲ್ಲ, ಶ್ರುತಿಯ ಎಳೆತ ತಾಳುವಂತೆಯೇ ಅದನ್ನು ಕಟ್ಟಿರುತ್ತಾರೆ ಎಂದರು ರಿಪೇರಿಯವರು. ತಿಂಗಳುಗಟ್ಟಲೆ ಮುಟ್ಟದಿದ್ದರೆ, ಇಲ್ಲವೇ ದೂರ ಸಾಗಿಸುವುದಿದ್ದರೆ, ಪ್ರತಿ ಕಿವಿಯನ್ನು ಎರಡು ಮೂರು ಸುತ್ತು ಸಡಿಲಿಸಿದರೆ ಸಾಕು. ಅಜ್ಜ ಅರೆಮನಸ್ಸಿನಿಂದ ಒಪ್ಪಿದರು.

ಜೂನಿನಲ್ಲಿ ಹುಡುಗಿಗೆ ಧಾರವಾಡದಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿನ ಕೋಣೆ ಹೇಗಿರುತ್ತದೋ ನೋಡಿಕೊಂಡು ದಸರೆಗೆ ಒಯ್ದರಾಯಿತೆಂದು ಗಿಟಾರನ್ನು ಮನೆಯಲ್ಲೇ ಬಿಡುವುದೆಂದಾಯಿತು. ಟ್ರಂಕು, ಹಾಸಿಗೆ ಎಲ್ಲ ಬಾಗಿಲಿಗೆ ಬಂದು, ಬಸ್ಸಿನ ಹೊತ್ತಾದಾಗ ಇಳಕಲ್ಲಿನಿಂದ ಅಜ್ಜನ ಫೋನು ಬಂತು. ಓದು, ಊಟ, ಥಂಡಿ ಎಲ್ಲ ವಿಚಾರಿಸಿ, ಇಡುವ ಮುನ್ನ ಕೇಳಿದರು: "ಹಾಸು ಸಡಲ ಬಿಟ್ಟೀಯೇನವಾ?"

ಅವಳು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಹೋದಳು.