ಪಾತ್ರಕ್ಕೆ ಕೊಟ್ಟ ದುಡ್ಡು

ನಮ್ಮ ಕಡೆ ನಾಟಕಕ್ಕೆ ದುಡ್ಡು ಕೊಡಬೇಕಾದವರು ನೋಡುವವರಲ್ಲ, ಪಾರ್ಟು ಮಾಡುವವರು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕುರುಕ್ಷೇತ್ರ’ವಾದರೆ ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಹಣ. ಆಮೇಲೆ ಕೃಷ್ಣ, ಭೀಮ, ಕರ್ಣ. ವಿದುರನಿಗೆ ಕಡಿಮೆ, ಸಾತ್ಯಕಿಗೆ ಇನ್ನೂ ಕಡಿಮೆ. ನಕುಲ ಸಹದೇವರ ಪಾತ್ರಕ್ಕೆ ಮೈಕಟ್ಟು ಚೆನ್ನಾಗಿರುವ ಹುಡುಗರನ್ನು ಹಿಡಿದು ತಂದು ಪುಕ್ಕಟೆ ನಿಲ್ಲಿಸುತ್ತಿದ್ದರು. ಹೀಗೆ ಸೇರಿದ ಹಣ ಸೀನರಿ ಬಾಡಿಗೆಗೆ, ಮೇಕಪ್ಪಿನವರಿಗೆ, ತಬಲದವರಿಗೆ, ಬೆಂಗಳೂರಿನಿಂದಲೋ ತುಮಕೂರಿನಿಂದಲೋ ಬಂದಿಳಿಯುವ ದ್ರೌಪದಿ ಕುಂತಿಯರಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಮೊದಲು ಹಾರ್ಮೋನಿಯಂ ಮೇಷ್ಟ್ರಿಗೆ. ಬೆಳಗಾಗುವ ಹೊತ್ತಿಗೆ ಜೇಬು ತುಂಬಿಸಿಕೊಂಡು ಊರಿಗೆ ಹೊರಡುವವರು ಇವರೇ. ಕಿರೀಟ ಇಟ್ಟುಕೊಂಡವರೆಲ್ಲ ಸಾಲಗಾರರು.

ಎಪ್ಪತ್ತರ ದಶಕದಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ತಾಲೀಮು ನಡೆಯುತ್ತಿದ್ದದ್ದು ರೇಷ್ಮೆ ಹುಳು ಮನೆಯಲ್ಲಿ. ಬೆಳೆ ಎದ್ದು, ಗೂಡು ಮಾರಿ, ಮುಂದಿನ ಮೊಟ್ಟೆ ತರುವವರೆಗೆ ಆ ಮನೆ ಖಾಲಿ. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ನೆಲ ಸಾರಿಸಿ, ಲಾಂದ್ರ ತೂಗುಹಾಕಿದರೆ ಹಸ್ತಿನಾವತಿ ಸಿದ್ಧ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಹುಳದ ಹಿಕ್ಕೆಯ ವಾಸನೆ, ಬೀಡಿ ಹೊಗೆ. ಮೇಷ್ಟ್ರು ಚಿಕ್ಕಬಳ್ಳಾಪುರದಿಂದ ಸಣ್ಣ ರೈಲಿನಲ್ಲಿ ಬರುತ್ತಿದ್ದರು. ಅವರ ಕಾಲು ಹಾರ್ಮೋನಿಯಂ ಮಾತ್ರ ಒಮ್ಮೆ ಎತ್ತಿನಗಾಡಿಯಲ್ಲಿ ಬಂದದ್ದು ನಾಟಕ ಮುಗಿಯುವ ತನಕ ಊರಲ್ಲೇ ಇರುತ್ತಿತ್ತು. ಮಕ್ಕಳು ಮುಟ್ಟಬಾರದೆಂದು ಅದರ ಮೇಲೆ ಸದಾ ಒಂದು ಕಂಬಳಿ.

ನಮ್ಮ ಕೃಷ್ಣನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮನೆಮಾತು ತೆಲುಗು, ಕಲಿತದ್ದು ತೆಲುಗು ಓನಾಮ. ಅವನ ನೋಟು ಪುಸ್ತಕದಲ್ಲಿ ಕನ್ನಡದ ಮಾತುಗಳೆಲ್ಲ ತೆಲುಗು ಲಿಪಿಯಲ್ಲಿದ್ದವು. ಸಂಧಾನದ ಸೀನಿಗೆ ಬಂದರೆ ಅವನು ಕನ್ನಡ ಬಿಟ್ಟು, ತಿರುಪತಿ ವೆಂಕಟ ಕವುಲು ಬರೆದ ‘ಪಾಂಡವೋದ್ಯೋಗ ವಿಜಯಾಲು’ ನಾಟಕದ ಪದ್ಯವೊಂದನ್ನು ತೆಲುಗಿನಲ್ಲೇ ಎತ್ತುತ್ತಿದ್ದ. ದುರ್ಯೋಧನ ಅದಕ್ಕೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಜನ ಎರಡಕ್ಕೂ ಒನ್ಸ್ ಮೋರ್ ಕೂಗುತ್ತಿದ್ದರು. ಭಾಷೆಯ ಬಗ್ಗೆ ಜಗಳವಾದದ್ದನ್ನು ನಾನು ಕಂಡಿಲ್ಲ. ಜಗಳವೆಲ್ಲ ಯಾರಿಗೆ ಎಷ್ಟು ಪದ್ಯ ಎಂಬುದರ ಮೇಲೆ. ಹೆಚ್ಚು ದುಡ್ಡು ಕೊಟ್ಟವನಿಗೆ ಹೆಚ್ಚು ಪದ್ಯ ಬೇಕಿತ್ತು, ಕೊರಳು ಬರಲಿ ಬಿಡಲಿ.

ಮೇಷ್ಟ್ರದು ಒಂದೇ ಸೂತ್ರ. ಮೂಲೆಯಲ್ಲಿ ಕೂತ ಅವರಿಗೆ ಮಾತು ಮುಟ್ಟದಿದ್ದರೆ ಬಾರಿಸುವುದನ್ನು ನಿಲ್ಲಿಸಿ “ಕೇಳಿಸ್ಲಿಲ್ಲ” ಎನ್ನುತ್ತಿದ್ದರು. ಮತ್ತೆ ಹೇಳಬೇಕು. ಮತ್ತೆ “ಕೇಳಿಸ್ಲಿಲ್ಲ.” ಮಾಸ್ಕೋದಲ್ಲಿ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ತಾಲೀಮಿನ ನಡುವೆ “ನಂಬುವುದಿಲ್ಲ” ಎಂದು ಕೂಗುತ್ತಿದ್ದರಂತೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮೇಷ್ಟ್ರು. ಒಬ್ಬರಿಗೆ ನಟನ ಒಳಗು ಬೇಕಿತ್ತು, ಇನ್ನೊಬ್ಬರಿಗೆ ಕೊನೆ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಅಜ್ಜಿಯ ಕಿವಿ. ಮೈಕು ನೆಚ್ಚಲಾಗದ ಕಾಲದಲ್ಲಿ ಮೇಷ್ಟ್ರೇ ಸರಿ ಎಂದು ಈಗಲೂ ನನ್ನ ಅಭಿಪ್ರಾಯ.

ರಷ್ಯಾದ ರಂಗಭೂಮಿ ನನ್ನ ತಲೆಗೆ ಹೊಕ್ಕಿದ್ದು ಪುಸ್ತಕಗಳಿಂದ. ಸೋವಿಯತ್ ಪುಸ್ತಕಗಳು ಅಗ್ಗ, ರಟ್ಟು ಗಟ್ಟಿ. ಅಲ್ಲಿನ ನಟರಿಗೆ ತಿಂಗಳ ಸಂಬಳ ಉಂಟೆಂದು ತಿಳಿದ ದಿನ, ಪಾತ್ರಕ್ಕಾಗಿ ಕುರಿ ಮಾರಿದವರನ್ನು ಕಂಡಿದ್ದ ನನಗೆ ನಂಬುವುದು ಕಷ್ಟವಾಯಿತು. ಜಿಲ್ಲಾ ಕೇಂದ್ರದಂಥ ಊರಿಗೂ ಒಂದು ಡ್ರಾಮಾ ಥಿಯೇಟರು, ಅದಕ್ಕೆ ಕಾಯಂ ನಟರು, ನಿರ್ದೇಶಕರು, ವಿಗ್ಗು ಹೆಣೆಯುವವರು, ದರ್ಜಿಗಳು.

ಇದು ಅಲ್ಲಿಯೂ ಸುಮ್ಮನೆ ಬಂದದ್ದಲ್ಲ. ರಷ್ಯಾದ ವಾಸ್ತವಿಕ ಅಭಿನಯಕ್ಕೆ ಬುನಾದಿ ಹಾಕಿದ ಮಿಖಾಯಿಲ್ ಶ್ಚೆಪ್ಕಿನ್ ಜೀತದಾಳಾಗಿ ಹುಟ್ಟಿದವನು. ಹೆಸರು ಮಾಡಿದ ಮೇಲೂ ಜಮೀನ್ದಾರರ ಸೊತ್ತಾಗಿಯೇ ಇದ್ದ. ಅಭಿಮಾನಿಗಳು ಚಂದಾ ಎತ್ತಿ ಅವನನ್ನು ಬಿಡಿಸಿಕೊಂಡರು. ಮಾಸ್ಕೋದ ಮಾಲಿ ಥಿಯೇಟರಿಗೆ ಅವನಿಂದಲೇ ಹೆಸರು ಬಂತು. ಅದೇ ಥಿಯೇಟರಿಗೆ ನಾಟಕ ಬರೆದುಕೊಟ್ಟ ಆಸ್ಟ್ರೋವ್‌ಸ್ಕಿಯ ‘ಕಾಡು’ ನಾಟಕದಲ್ಲಿ ಇಬ್ಬರು ನಟರು ಎದುರುಬದುರಾಗುತ್ತಾರೆ. ಒಬ್ಬ ಕೆರ್ಚ್‌ನಿಂದ ವೊಲೊಗ್ದಾಕ್ಕೆ, ಇನ್ನೊಬ್ಬ ವೊಲೊಗ್ದಾದಿಂದ ಕೆರ್ಚ್‌ಗೆ, ಇಬ್ಬರೂ ಕಾಲ್ನಡಿಗೆಯಲ್ಲಿ, ಕೆಲಸ ಹುಡುಕಿಕೊಂಡು. ಒಬ್ಬ ದುರಂತ ಪಾತ್ರದವನು, ಇನ್ನೊಬ್ಬ ಹಾಸ್ಯದವನು. ಕ್ಯಾಂಪು ಮುಚ್ಚಿದ ಮೇಲೆ ಬಾಕಿ ಸಂಬಳ ಬಿಟ್ಟು ಊರು ದಾಟಿದ ನಮ್ಮ ಕಂಪನಿ ನಾಟಕದವರೂ ಇವರಿಗೆ ನೆಂಟರೇ. 1898ರಲ್ಲಿ ಸ್ತಾನಿಸ್ಲಾವ್‌ಸ್ಕಿ, ನೆಮಿರೋವಿಚ್ ದಾನ್ಚೆಂಕೋ ಸೇರಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದಾಗ ಮಾಡಿಕೊಂಡ ಕರಾರುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಇವತ್ತು ನಾಯಕನ ಪಾತ್ರ ಮಾಡಿದವನು ನಾಳೆ ಗುಂಪಿನಲ್ಲಿ ನಿಲ್ಲಬೇಕು. ನಮ್ಮ ದುರ್ಯೋಧನನಿಗೆ ಯಾರಾದರೂ ಇದನ್ನು ಹೇಳಿದ್ದರೆ ಗದೆ ಎತ್ತುತ್ತಿದ್ದ.

ಆದರೆ ಸಂಬಳ ಕೊಡುವವನು ಲೆಕ್ಕವನ್ನೂ ಕೇಳುತ್ತಾನೆ. 1919ರಲ್ಲಿ ಥಿಯೇಟರುಗಳು ಸರ್ಕಾರದ್ದಾದವು. ಅದನ್ನು ಕೈ ಚಾಚಿ ಸ್ವಾಗತಿಸಿದವರಲ್ಲಿ ನಿರ್ದೇಶಕ ಮೆಯರ್‌ಹೋಲ್ಡ್ ಮೊದಲಿಗರು. 1938ರಲ್ಲಿ ಅದೇ ಸರ್ಕಾರ ಅವರ ಥಿಯೇಟರಿಗೆ ಬೀಗ ಹಾಕಿತು. ಮರುವರ್ಷ ಬಂಧನ, 1940ರ ಫೆಬ್ರುವರಿಯಲ್ಲಿ ಗುಂಡು. ನಾನು ಅಗ್ಗದಲ್ಲಿ ಕೊಂಡ ಪುಸ್ತಕಗಳಲ್ಲಿ ಈ ಸಂಗತಿ ಇರಲಿಲ್ಲ. ಬಹಳ ವರ್ಷಗಳ ಮೇಲೆ ತಿಳಿಯಿತು. ಪಾತ್ರಕ್ಕೆ ಕೈಯಿಂದ ದುಡ್ಡು ಹಾಕುವ ನಮ್ಮವರಿಗೆ ಒಂದು ಅನುಕೂಲವಂತೂ ಇತ್ತು. ದುರ್ಯೋಧನ ಮಾತಿನ ನಡುವೆ ತಹಸೀಲ್ದಾರರನ್ನು ಬೈದರೂ ಕೇಳುವವರಿರಲಿಲ್ಲ. ಬೈಯುತ್ತಿದ್ದ ಕೂಡ.

ತಹಸೀಲ್ದಾರರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಗೊಗೊಲ್‌ನ ‘ಇನ್ಸ್‌ಪೆಕ್ಟರ್ ಜನರಲ್’ 1836ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ತ್ಸಾರನ ಎದುರೇ ಆಡಿದ ನಾಟಕ. ಕೆ.ವಿ. ಸುಬ್ಬಣ್ಣ ಅದನ್ನು ‘ಸಾಹೇಬರು ಬರುತ್ತಾರೆ’ ಎಂದು ಕನ್ನಡಕ್ಕೆ ತಂದರು. ತಾಲ್ಲೂಕು ಕಚೇರಿ ಇರುವ ಊರಿನವರಿಗೆ ಅದು ಅರ್ಥವಾಗಲು ರಷ್ಯಾ ಗೊತ್ತಿರಬೇಕಿಲ್ಲ. ಗೌರಿಬಿದನೂರು ಕಡೆಯವರಾದ ಟಿ.ಎನ್. ಸೀತಾರಾಮ್, ‘ಮಾಯಾಮೃಗ’ ಧಾರಾವಾಹಿಯಿಂದ ಮನೆಮಾತಾಗುವುದಕ್ಕೆ ಬಹಳ ಮೊದಲೇ ನಾಟಕಕಾರರು. ಅವರ ‘ನಮ್ಮೊಳಗೊಬ್ಬ ನಾಜೂಕಯ್ಯ’ನನ್ನು ನೋಡಿ. ಹೊಗಳಿಕೆಯನ್ನೇ ಮೆಟ್ಟಿಲು ಮಾಡಿಕೊಂಡು ಮೇಲೇರುವ ಆಸಾಮಿ. ಆಸ್ಟ್ರೋವ್‌ಸ್ಕಿಯ ಇನ್ನೊಂದು ನಾಟಕದ ನಾಯಕ ಗ್ಲೂಮೋವ್‌ನನ್ನು ಬಲ್ಲವರಿಗೆ ಈ ನಾಜೂಕಯ್ಯ ಹೊಸಬನಲ್ಲ. ನಮ್ಮ ಪಂಚಾಯ್ತಿ ಕಟ್ಟೆ ಬಲ್ಲವರಿಗೂ ಅಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ ಆದ ಡಾ. ಎಚ್. ನರಸಿಂಹಯ್ಯ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಕೂತು ನಾಟಕದ ಹುಡುಗರನ್ನು ಸಾಕಿದರು. ಭೌತಶಾಸ್ತ್ರದ ಮೇಷ್ಟ್ರು, ಮದುವೆಯಾಗದವರು, ಹಾಸ್ಟೆಲಿನ ರೂಮಿನಲ್ಲೇ ವಾಸ. ಪವಾಡಗಳನ್ನು ಪರೀಕ್ಷೆಗೊಡ್ಡಿ ಎಂದು ಬಾಬಾಗಳಿಗೆ ಸವಾಲು ಹಾಕಿದ ಆ ಮನುಷ್ಯನಿಗೆ ನಾಟಕ, ಸಂಗೀತ ಎಂದರೆ ಮಾತ್ರ ಕೈ ಬಿಗಿಯಿರಲಿಲ್ಲ. ನಮ್ಮ ಸೀಮೆಯಿಂದ ಓದಲು ಹೋದ ಹುಡುಗರು ಬಯಲಾಟವಲ್ಲದ, ಪದ್ಯವಿಲ್ಲದ ನಾಟಕವನ್ನು ಮೊದಲು ಕಂಡದ್ದು ಅಂಥ ಕಡೆ. 1975ರಲ್ಲಿ ಶುರುವಾದ ‘ಸಮುದಾಯ’ ತಂಡ ಗಾರ್ಕಿಯ ಕಾದಂಬರಿಯಿಂದ ಹುಟ್ಟಿದ ‘ತಾಯಿ’ಯನ್ನು ಪ್ರಸನ್ನರ ನಿರ್ದೇಶನದಲ್ಲಿ ರಂಗಕ್ಕೆ ತಂದಿತು. ರಜೆಗೆ ಬಂದ ಕಾಲೇಜು ಹುಡುಗರು ಊರಲ್ಲೂ ಒಂದು ಬೀದಿನಾಟಕ ಮಾಡಿಸಿದರು. ಜನ ನಿಂತು ನೋಡಿದರು, ಚಪ್ಪಾಳೆ ತಟ್ಟಿದರು. ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದ್ದು, “ಸರಿ ಕಣಪ್ಪಾ, ನಾಟ್ಕ ಯಾವಾಗ ಶುರು?”

ಈಗಿನ ಮಾತು. ಪೌರಾಣಿಕ ನಾಟಕ ಸತ್ತುಹೋಯಿತು ಎಂದು ಭಾಷಣ ಮಾಡುವವರು ನಾಟಕ ನೋಡಲು ಬಂದವರಲ್ಲ. ಸಂಕ್ರಾಂತಿ ಕಳೆದು ಮಳೆ ಹಿಡಿಯುವ ತನಕ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೋ ಒಂದು ಕಡೆ ಕುರುಕ್ಷೇತ್ರ ನಡೆಯುತ್ತಲೇ ಇರುತ್ತದೆ. ದುಡ್ಡು ಮಾತ್ರ ಈಗ ರೇಷ್ಮೆ ಗೂಡಿನದಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಜಮೀನಿನ ರೇಟು ನಂದಿ ಬೆಟ್ಟದ ತಪ್ಪಲಿಗೂ ಏರಿತು. ಸೈಟು ಮಾರಿದವರು, ಮಾರಿಸಿದವರು, ನಿವೃತ್ತ ಕಂಡಕ್ಟರು, ಪಂಚಾಯ್ತಿ ಸದಸ್ಯರು ಈಗಿನ ಪಾತ್ರಧಾರಿಗಳು. ಪಾತ್ರದ ದರ ಸಾವಿರಗಳಿಗೆ ಹೋಗಿದೆ. ಬಣ್ಣದ ಪರದೆಯ ಜಾಗಕ್ಕೆ ಎಲ್‌ಇಡಿ ಪರದೆ ಬಂದು, ಅರಮನೆಯ ಹಿಂದೆ ಮೋಡ ಓಡುತ್ತದೆ. ಕಿವಿಗೆ ಸಿಕ್ಕಿಸುವ ಮೈಕು ಇದೆ, ಯೂಟ್ಯೂಬಿನಲ್ಲಿ ಲೈವ್ ಇದೆ. ಹ್ಯಾಂಡ್‌ಬಿಲ್ಲಿನಲ್ಲಿ ಪಾತ್ರಧಾರಿಯ ಫೋಟೋ ದೊಡ್ಡದು, ಪಾತ್ರದ ಹೆಸರು ಸಣ್ಣದು.

ಚೆನ್ನಾಗಿತ್ತೇ ಆ ಕಾಲ? ಅಷ್ಟೇನಲ್ಲ. ನಮ್ಮೂರಿನ ಹಳೇ ನಾಟಕಗಳಲ್ಲಿ ದಲಿತ ಕೇರಿಯವರಿಗೆ ಪಾತ್ರವಿರಲಿಲ್ಲ. ತಮಟೆ ಬಾರಿಸಿ ಸುದ್ದಿ ಸಾರುವ ಕೆಲಸ ಅವರದು, ಕೂರುವ ಜಾಗ ಬೇರೆ. ಆಮೇಲೆ ಅವರೇ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ತಮ್ಮದೇ ಕುರುಕ್ಷೇತ್ರ ಆಡಿದರು. ಅವರ ಕರ್ಣ ಊರಿನ ಕರ್ಣನಿಗಿಂತ ಮೇಲು ಎಂದು ಒಪ್ಪಿಕೊಳ್ಳಲು ಊರಿಗೆ ಬಹಳ ವರ್ಷ ಬೇಕಾಯಿತು. ಬಾಡಿಗೆಗೆ ಬರುತ್ತಿದ್ದ ನಟಿಯರ ಪಾಡೂ ಅಷ್ಟೇ. ರಾತ್ರಿಯಿಡೀ ಶಿಳ್ಳೆ, ಬೆಳಿಗ್ಗೆ ಅವರಿಗೆ ಕಾಫಿ ಕೊಡಲು ಒಂದು ಮನೆ ಸಿಗುತ್ತಿರಲಿಲ್ಲ. ನಗಿಸುವ ಹೆಸರಲ್ಲಿ ನೋಯಿಸಿದ್ದೂ ಉಂಟು. ತೆಲುಗಿನ ‘ಚಿಂತಾಮಣಿ’ ನಾಟಕವನ್ನು ಆಂಧ್ರ ಸರ್ಕಾರ 2022ರಲ್ಲಿ ನಿಷೇಧಿಸಿದಾಗ ನಮ್ಮ ಕಡೆಯ ಹಳಬರು ಬೇಜಾರು ಮಾಡಿಕೊಂಡರು. ಆ ನಾಟಕದ ಹಾಸ್ಯ ಒಂದು ಜಾತಿಯವರನ್ನು ಎಷ್ಟು ಕಾಲ ಚುಚ್ಚಿತ್ತೆಂಬುದನ್ನು ಮಾತ್ರ ಯಾರೂ ಆಡಲಿಲ್ಲ. ನಿಷೇಧ ಸರಿಯೆಂದು ನಾನೂ ಹೇಳಲಾರೆ.

ತಾಲ್ಲೂಕು ಕೇಂದ್ರಗಳಲ್ಲಿ ಈಗ ಭವನಗಳಿವೆ. ಅಲ್ಲಿ ಜಯಂತಿಗಳು, ಸನ್ಮಾನಗಳು, ಪಕ್ಷದ ಸಭೆಗಳು ನಡೆಯುತ್ತವೆ. ನಾಟಕದವರಿಗೆ ಅದು ಹೊಂದುವುದಿಲ್ಲ. ಹತ್ತೂವರೆಗೆ ಬೀಗ ಹಾಕುತ್ತೇವೆಂದರೆ ಅಷ್ಟೊತ್ತಿಗೆ ನಮ್ಮಲ್ಲಿ ಪಗಡೆಯಾಟವೇ ಶುರುವಾಗಿರುವುದಿಲ್ಲ.

ಈ ವರ್ಷ ನಮ್ಮೂರಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸರು ಕುರುಕ್ಷೇತ್ರ ಆಡುತ್ತೇವೆಂದು ಹೊರಟಿದ್ದಾರೆ. ಗಂಡು ಪಾತ್ರಗಳೂ ಅವರೇ. ಹಳೇ ಮೇಷ್ಟ್ರ ಶಿಷ್ಯರೊಬ್ಬರು ಬಂದು, ವಾಡಿಕೆಯಂತೆ ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ಚೀಟಿ ಬರೆದರು. ಹೆಂಗಸರು ಒಪ್ಪಲಿಲ್ಲ. “ಎಲ್ಲಾರ್ದೂ ಒಂದೇ ಚಂದಾ ಮೇಷ್ಟ್ರೇ. ಯಾರಿಗ್ಯಾವ ಪಾತ್ರ ಅಂತ ಕೊರ್ಳು ನೋಡಿ ನೀವೇ ಹೇಳಿ” ಎಂದರು. ಮೇಷ್ಟ್ರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಒಬ್ಬೊಬ್ಬರಿಂದಲೂ ಒಂದೊಂದು ಪದ್ಯ ಹೇಳಿಸಿದರು. ದುರ್ಯೋಧನನ ಪಾತ್ರ ಅಂಗನವಾಡಿ ಸಹಾಯಕಿಗೆ ಹೋಯಿತು. ಸಂಘದ ಅಧ್ಯಕ್ಷೆಗೆ ಸಿಕ್ಕಿದ್ದು ಸಂಜಯ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ತಾಲೀಮು. ದಿನ ಇನ್ನೂ ಗೊತ್ತಾಗಿಲ್ಲ, ಸೀನರಿಯವರು ಶ್ರೀರಾಮನವಮಿಗೆ ಬಿಡುವಿಲ್ಲ ಎಂದಿದ್ದಾರೆ.