ಕೀಲೆಣ್ಣೆಯ ಪಾಠ

ಹಳೆಯ ಕಾರನ್ನು ಸಾಕುವುದಕ್ಕೂ ಮನೆಯ ವೃದ್ಧರನ್ನು ನೋಡಿಕೊಳ್ಳುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ಉಪಚಾರಕ್ಕಿಂತ ಗಮನ ಮುಖ್ಯ. ಈ ಮಾತು ನನಗೆ ಮನದಟ್ಟಾದದ್ದು ನಮ್ಮ ಎಂ.ಜಿ. ಟಿ.ಸಿ. ಕಾರಿನ ಹಿಂದಿನ ಎಡಚಕ್ರದಿಂದ.

1945ರಿಂದ 1949ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಸುಮಾರು 10,000 ಟಿ.ಸಿ.ಗಳಲ್ಲಿ ಇದೂ ಒಂದು. ಮಾವನವರಿಂದ ಬಂದ ಆಸ್ತಿ. 19 ಅಂಗುಲದ ತಂತಿಚಕ್ರಗಳೇ ಅದರ ಆಭರಣ. ಇಂದಿನ ಕಾರುಗಳಂತೆ ಅವಕ್ಕೆ ನಾಲ್ಕೈದು ಬೋಲ್ಟುಗಳಿಲ್ಲ. ಅಚ್ಚಿನ ತುದಿಯಲ್ಲಿರುವ ಹಲ್ಲುಗಳ ಮೇಲೆ ಚಕ್ರದ ಗುಂಬವನ್ನು ಸರಿಸಿ, ನಡುವೆ ಕಿವಿಗಳುಳ್ಳ ಒಂದೇ ಒಂದು ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿದರೆ ಮುಗಿಯಿತು. ಆದರೆ ಆ ಹಲ್ಲುಗಳು ಒಣಗಿದರೆ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಎತ್ತಿನ ಗಾಡಿಗೆ ಕೀಲೆಣ್ಣೆಯಿದ್ದಂತೆ, ಇವಕ್ಕೆ ಗ್ರೀಸು.

ನಾನು ಹೋಳಿಗೆಗೆ ತುಪ್ಪ ಬಡಿಸುವ ಧಾರಾಳದಿಂದ ಗ್ರೀಸನ್ನು ಬಳಿದೆ. ಬ್ರೇಕಿನ ಕಾವಿಗೆ ಅದು ಕರಗಿತು. ಚಕ್ರ ತಿರುಗುವ ರಭಸಕ್ಕೆ ಹೊರಗೆ ಸಿಡಿಯಲು ಹವಣಿಸಿ, ಗುಂಬದಲ್ಲಿ ಕಡ್ಡಿಗಳು ಹಾಯುವ ರಂಧ್ರಗಳಿಂದ ನುಸುಳಿ, ಕಡ್ಡಿಗುಂಟ ಹರಿದು ಕಪ್ಪು ಗೆರೆಗಳನ್ನು ಎಳೆಯಿತು. ಮದುವೆಯೊಂದಕ್ಕೆ ಹೊರಟಿದ್ದ ನನ್ನ ಮನೆಯಾಕೆಯ ರೇಷ್ಮೆ ಸೀರೆಯ ಅಂಚಿಗೂ ಒಂದು ಗೆರೆ ಬಿದ್ದಿತು. ಆ ದಿನ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಅಂದಿನಿಂದ ಪ್ರತಿ ಭಾನುವಾರವೂ ಸೀಮೆಎಣ್ಣೆಯ ಬಟ್ಟೆ ಹಿಡಿದು ಕುಳಿತು ಚಕ್ರಗಳನ್ನು ಒರೆಸುತ್ತಿದ್ದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಮೆಚ್ಚುತ್ತಿದ್ದರು. ಮೂರು ಚಕ್ರಗಳ ಜಿಡ್ಡು ವಾರವಾರಕ್ಕೂ ಕಡಿಮೆಯಾಯಿತು. ಹಿಂದಿನ ಎಡಚಕ್ರದ್ದು ಮಾತ್ರ ಹೆಚ್ಚುತ್ತಲೇ ಹೋಯಿತು. ನಾನು ಇನ್ನೂ ಚೆನ್ನಾಗಿ ಒರೆಸಿದೆ!

ಒಂದು ಬೆಳಗ್ಗೆ ಹತ್ತು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂದಿಬೆಟ್ಟದಿಂದ ಇಳಿಯುತ್ತಿದ್ದೆ. ತಿರುವಿನಲ್ಲಿ ಬ್ರೇಕನ್ನು ಒತ್ತಿದಾಗ ಕಾರು ಬಲಕ್ಕೆ ಎಳೆಯಿತು. ಎದುರಿಗೆ ಬಸ್ಸು. ಹೇಗೋ ಸಾವರಿಸಿಕೊಂಡು, ಮೊದಲನೆಯ ಗೇರಿನಲ್ಲಿ ಬಸವನಹುಳುವಿನಂತೆ ಬೆಟ್ಟದ ಬುಡ ಸೇರಿದೆ. ಮಗುವಿಗೆ ಅದು ವಿನೋದವಾಗಿತ್ತು. ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು.

ವಯಸ್ಸಾದ ಮೆಕ್ಯಾನಿಕ್ ಚಕ್ರ ಬಿಚ್ಚಿ, ಜಿಡ್ಡನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಗಂಧಕದ ವಾಸನೆ. "ಇದು ಗ್ರೀಸಲ್ಲ ಸ್ವಾಮಿ, ಹಿಂದಿನ ಅಚ್ಚಿನ ಗೇರ್ ಎಣ್ಣೆ. ಗ್ರೀಸು ಮಂದ, ಇದು ತೆಳು," ಎಂದರು. ಎಣ್ಣೆ ತಡೆಯುವ ಸೀಲು ಸವೆದಿತ್ತು. ಅದು ಸಾಲದೆಂದು ನಾನು ಅಚ್ಚಿಗೆ ಅಳತೆ ಮೀರಿ ಎಣ್ಣೆಯನ್ನೂ ಸುರಿದಿದ್ದೆ. ಕಡ್ಡಿಗಳಿಗೆ ಬಂದದ್ದು ಒಂದು ಪಾಲು; ಇನ್ನೊಂದು ಪಾಲು ಬ್ರೇಕಿನ ಡ್ರಮ್ಮಿನೊಳಗೆ ಇಳಿದು ಲೈನಿಂಗುಗಳನ್ನು ತೋಯಿಸಿತ್ತು. "ಎಷ್ಟು ದಿನದಿಂದ ಹೀಗೆ ಸೋರುತ್ತಿದೆ?" ಎಂದು ಕೇಳಿದರು. ಪ್ರತಿ ವಾರವೂ ನನ್ನ ಕೈಯಿಂದಲೇ ಸುಳಿವನ್ನು ಅಳಿಸುತ್ತಿದ್ದೆನೆಂದು ಹೇಳಲು ನಾಚಿಕೆಯಾಯಿತು.

ಹೊಸ ಸೀಲು, ಹೊಸ ಲೈನಿಂಗು, ಎಣ್ಣೆ ಗುರುತಿನ ಮಟ್ಟಕ್ಕೆ. ಹಲ್ಲುಗಳ ಹಳೆಯ ಗ್ರೀಸನ್ನೆಲ್ಲ ತೊಳೆದು, ಕಾಡಿಗೆ ತೀಡಿದಷ್ಟು ತೆಳುವಾಗಿ ಹೊಸದನ್ನು ಲೇಪಿಸಿದರು. ಗುಂಬದೊಳಗೆ ಕಡ್ಡಿಗಳ ತಲೆಗಳನ್ನು ಜಿಡ್ಡು ಹೋಗುವಂತೆ ಒರೆಸಿ ಸಿಲಿಕೋನ್ ಮೇಣದಿಂದ ಮುಚ್ಚಿದರು.

ಭಾನುವಾರ ಈಗಲೂ ಬಟ್ಟೆ ಹಿಡಿಯುತ್ತೇನೆ. ಆದರೆ ಒರೆಸುವ ಮೊದಲು ಕಣ್ಣಿಟ್ಟು ನೋಡುತ್ತೇನೆ, ಬೆರಳಿಗೆ ಹಚ್ಚಿ ಮೂಸುತ್ತೇನೆ. "ತಾತ ಚಕ್ರಕ್ಕೆ ಪೂಜೆ ಮಾಡಿ ತೀರ್ಥ ತೆಗೆದುಕೊಳ್ಳುತ್ತಿದ್ದಾರೆ" ಎಂದು ಮೊಮ್ಮಗಳು ಅಜ್ಜಿಗೆ ವರದಿ ಒಪ್ಪಿಸುತ್ತಾಳೆ. ಅವಳು ನಗಲಿ. ಆ ತಿರುವಿನಲ್ಲಿ ಏನಾಗಬಹುದಾಗಿತ್ತೆಂಬುದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.